ಮ್ಯಾಗ್ನೆಟೋಮೀಟರ್ ಬಿಟ್ಟು ಗ್ರೇಡಿಯೋಮೀಟರ್ ಎಳೆದ್ರೆ ಸರ್ವೆ ಸರಿಹೋಗುತ್ತಾ?

ದೋಣಿ ಹಿಂದೆ ಮ್ಯಾಗ್ನೆಟೋಮೀಟರ್ (ಕಾಂತಕ್ಷೇತ್ರ ಅಳೆಯೋ ಯಂತ್ರ) ಎಳೆದ್ರೆ ಮ್ಯಾಪಲ್ಲಿ ಬರೀ ಪಟ್ಟೆ ಪಟ್ಟೆ ಬರ್ತಿದೆ, ನೀರಿನ ತಳದಲ್ಲಿರೋ ಕಬ್ಬಿಣ ಗೊತ್ತಾಗ್ತಿಲ್ಲ, ಎರಡು ಸೆನ್ಸರಿನ ಗ್ರೇಡಿಯೋಮೀಟರ್ ಬಾಡಿಗೆಗೆ ತರ್ಲಾ ಅಂತ ಕೇಳಿದ್ದೀರಿ. ನಾವೂ ಹೀಗೇ ತರಿಸಿದ್ವಿ. ಮ್ಯಾಪ್ ಎಷ್ಟು ಚೆನ್ನಾಗಿ ಬಂತು ಅಂದ್ರೆ ಎಲ್ರೂ ಖುಷಿಯಾಗ್ಬಿಟ್ರು, ಡೈವರ್‌ಗಳು ಮಾತ್ರ ಬರಿಗೈಲಿ ಮೇಲೆ ಬಂದ್ರು.

ಕಳೆದುಹೋದ ಲಂಗರು, ಅದರ ಸರಪಳಿ ಹುಡುಕೋ ಕೆಲಸ. ಕೆಸರೊಳಗೆ ಹೂತುಹೋಗಿದ್ರಿಂದ ಶಬ್ದದಿಂದ ತಳದ ಚಿತ್ರ ತೆಗೆಯೋ ಸೈಡ್‌ಸ್ಕ್ಯಾನ್ ಸೋನಾರಿಗೆ ಏನೂ ಕಾಣ್ತಿರ್ಲಿಲ್ಲ. ಭೂಮಿದೇ ಕಾಂತಕ್ಷೇತ್ರ, ಅಂದ್ರೆ ಫೀಲ್ಡು, ಜಾಗ ನೋಡ್ಕೊಂಡು 25,000ದಿಂದ 65,000 ನ್ಯಾನೋಟೆಸ್ಲಾ (ಅದನ್ನ ಅಳೆಯೋ ಮಾನ) ಇರುತ್ತೆ, ನಮಗೆ ಬೇಕಾಗಿರೋದು ಅದರ ಮೇಲೆ ಐದೋ ಹತ್ತೋ ನ್ಯಾನೋಟೆಸ್ಲಾ ಏರುಪೇರು, ಹಗಲು ಹೊತ್ತಲ್ಲಿ ಫೀಲ್ಡು ತಾನಾಗೇ ಹತ್ತಾರು ನ್ಯಾನೋಟೆಸ್ಲಾ ಏರಿ ಇಳಿಯುತ್ತೆ. ಗ್ರೇಡಿಯೋಮೀಟರಲ್ಲಿ ಆ ಏರಿಳಿತ ಎರಡೂ ಸೆನ್ಸರಿಗೆ ಒಂದೇ ಥರ ಬರೋದ್ರಿಂದ ಒಂದರಲ್ಲಿ ಇನ್ನೊಂದನ್ನ ಕಳೆದ್ರೆ ಹೊರಟುಹೋಗುತ್ತೆ, ಹತ್ತಿರ ಇರೋ ಕಬ್ಬಿಣ ಉಳ್ಕೊಳ್ಳುತ್ತೆ. ಇಲ್ಲೀತನಕ ಜನ ಹೇಳೋದೆಲ್ಲ ನಿಜಾನೇ.

ನಾವು ಕೆಟ್ಟಿದ್ದು ಲೇಬ್ಯಾಕಲ್ಲಿ. ಜಿಪಿಎಸ್ ಆಂಟೆನಾ ದೋಣಿ ಮೇಲಿರುತ್ತೆ, ಫಿಶ್ (ಕೇಬಲ್ ತುದಿಗೆ ಕಟ್ಟಿ ಎಳೆಯೋ ಸೆನ್ಸರ್) ಎಲ್ಲೋ ಹಿಂದೆ ನೀರೊಳಗಿರುತ್ತೆ, ನಡುವಿನ ಅಡ್ಡ ದೂರವೇ ಲೇಬ್ಯಾಕ್, ಅದನ್ನ ನೀವು ಸಾಫ್ಟ್‌ವೇರಿಗೆ ಹೇಳ್ಬೇಕು. ಆಳ ಜಾಸ್ತಿಯಾಯ್ತು ಅಂತ ವಿಂಚಲ್ಲಿ ಇನ್ನೂ 20 ಮೀಟರ್ ಕೇಬಲ್ ಬಿಟ್ವಿ, ಫಿಶ್ ಕೆಳಗಿಳೀತು, ಸ್ಕ್ರೀನಲ್ಲಿ ಹಳೇ ಲೇಬ್ಯಾಕ್ ನಂಬರ್ ಹಾಗೇ ಕೂತಿತ್ತು. ನಂಬರ್ ಬದಲಾಯಿಸ್ಬೇಕಾಗಿದ್ದವನು ನಾನೇ. ಹಂಗಂತ ಸುಮ್ನೆ 20 ಕೂಡಿಸಿದ್ರೂ ತಪ್ಪೇ, ಯಾಕಂದ್ರೆ ಕೇಬಲ್ ಇಳಿಜಾರಾಗಿ ಹೊಟ್ಟೆ ಬಿಟ್ಕೊಂಡು ಹೋಗುತ್ತೆ, ಅಡ್ಡ ದೂರ ಕೇಬಲ್ ಉದ್ದಕ್ಕಿಂತ ಯಾವಾಗ್ಲೂ ಕಮ್ಮಿ, ಸ್ಪೀಡ್ ಬದಲಾದ್ರೆ ಅದೂ ಬದಲಾಗುತ್ತೆ. ಲೇಬ್ಯಾಕ್ ಕಮ್ಮಿ ಹೇಳಿದ್ರೆ ಟಾರ್ಗೆಟ್ಟೆಲ್ಲ, ಅಂದ್ರೆ ಮ್ಯಾಪಲ್ಲಿ ಕಬ್ಬಿಣದ ಗುರುತೆಲ್ಲ, ದೋಣಿ ಹೋಗ್ತಿರೋ ದಿಕ್ಕಿಗೆ ಮುಂದೆ ಜರುಗಿ ಕೂರುತ್ತೆ. ಡೈವರ್ ಹಗ್ಗ ಹಿಡ್ಕೊಂಡು ಹತ್ತು ಮೀಟರ್ ಸುತ್ತು ಹಾಕಿದ್ರೆ ಸಿಗೋದು ಕೆಸರೇ.

ಇನ್ನೊಂದು ಹೊಡೆತ ಏನಂದ್ರೆ, ಪ್ರವಾಹಕ್ಕೆ ಎದುರಾಗಿ ಎಳೆದ್ರೆ ಫಿಶ್ ಅಲ್ಲಾಡಲ್ಲ ಅಂತ ಎಲ್ಲಾ ಲೈನೂ ಒಂದೇ ದಿಕ್ಕಲ್ಲಿ ಓಡಿಸಿದ್ವಿ. ಹೋಗ್ತಾ ಒಂದು ಬರ್ತಾ ಒಂದು ಅಂತ ಓಡಿಸಿದ್ರೆ ಟಾರ್ಗೆಟ್ ಹಲ್ಲುಹಲ್ಲಾಗಿ ಕಂಡು ಆಗ್ಲೇ ಸಿಕ್ಕಿಬೀಳ್ತಿದ್ವಿ. ನಮ್ಮದು ಪೂರ್ತಿ ಮ್ಯಾಪೇ ಒಟ್ಟಿಗೆ ಜರುಗಿತ್ತು, ನೋಡೋಕೆ ಒಂಚೂರೂ ಅನುಮಾನ ಬರಲ್ಲ. ಕೊನೆಗೆ ಒಬ್ಬ ಹಳಬರು ಅದೇ ಟಾರ್ಗೆಟ್ ಮೇಲೆ ಉಲ್ಟಾ ದಿಕ್ಕಲ್ಲಿ ಒಂದ್ಸಲ ಎಳೀರಿ ಅಂದ್ರು, ಎಳೆದ್ವಿ, ಗುರುತು ಎಲ್ಲೋ ದೂರ ಬಿತ್ತು. ಎರಡು ಗುರುತಿನ ಮಧ್ಯದ ದೂರದಲ್ಲಿ ಅರ್ಧ ನಮ್ಮ ತಪ್ಪು. ಸರಿಯಾಗಿ ನಡುವೆ ಇಳಿಸಿದ್ರೆ ಡೈವರ್ ಕೈ ಕೆಸರೊಳಗೆ ಸರಪಳಿ ಕೊಂಡಿಗೇ ತಗುಲ್ತು. ಅಷ್ಟೊತ್ತಿಗೆ ದೋಣಿ, ಡೈವರ್, ಬಾಡಿಗೆ ಎಲ್ಲಾ ದುಡ್ಡು ಎರಡೆರಡು ಸಲ ಹೋಗಿತ್ತು.

ಹಾಗಾಗಿ ನಿಮ್ಮ ಪ್ರಾಬ್ಲಂ ಬರೀ ಫೀಲ್ಡಿನ ಏರಿಳಿತದ ನಾಯ್ಸ್ ಅಂತ ನಾನು ಒಪ್ಪಲ್ಲ. ಪಟ್ಟೆ ಒಂದು ಲೈನ್ ಬಿಟ್ಟು ಒಂದು ಲೈನ್ ಬರ್ತಿದ್ಯಾ ನೋಡಿ, ಹಾಗಿದ್ರೆ ದಿಕ್ಕು ಬದಲಾದಾಗ ದೋಣಿ ಕಬ್ಬಿಣ ಆಟ ಆಡ್ತಿರ್ಬೇಕು, ಇಲ್ಲಾ ಲೇಬ್ಯಾಕ್ ತಪ್ಪಿರ್ಬೇಕು. ಕೇಬಲ್ಲನ್ನ ಕನಿಷ್ಠ ದೋಣಿ ಉದ್ದದ ಮೂರು ಪಟ್ಟು ಹಿಂದೆ ಬಿಟ್ಟು ಮತ್ತೆ ನೋಡಿ. ಜೊತೆಗೆ ಇದನ್ನ ಯಾರೂ ಹೇಳಲ್ಲ: ಕಬ್ಬಿಣದಿಂದ ದೂರ ಎರಡರಷ್ಟಾದ್ರೆ ಮಾಮೂಲಿ ಸಿಗ್ನಲ್ ಎಂಟನೇ ಒಂದಕ್ಕೆ ಇಳಿದ್ರೆ, ಗ್ರೇಡಿಯಂಟ್ (ಎರಡು ಸೆನ್ಸರಿನ ನಡುವಿನ ವ್ಯತ್ಯಾಸ) ಹದಿನಾರನೇ ಒಂದಕ್ಕೆ ಇಳಿಯುತ್ತೆ. ಈಗಿನ ಎತ್ತರದಲ್ಲೇ ಗ್ರೇಡಿಯೋಮೀಟರ್ ಎಳೆದ್ರೆ ಚಿಕ್ಕ ಟಾರ್ಗೆಟ್ ಇನ್ನೂ ಕಮ್ಮಿ ಕಾಣಬಹುದು, ತಳಕ್ಕೆ ಹತ್ತಿರ ಹಾರಿಸ್ಬೇಕು, ಲೈನೂ ಒತ್ತೊತ್ತಾಗಿ ಓಡಿಸ್ಬೇಕು. ಹುಡುಕ್ತಿರೋದು ಕಂಚು, ಅಲ್ಯೂಮಿನಿಯಂ ಆಗಿದ್ರೆ ಎಷ್ಟು ಸೆನ್ಸರ್ ಕಟ್ಟಿದ್ರೂ ದಂಡ.

ಇಷ್ಟಾದ್ಮೇಲೂ ತರ್ತೀನಿ ಅಂದ್ರೆ ತನ್ನಿ, ಬೇಡ ಅನ್ನಲ್ಲ, ನಾನೂ ಈಗ ಅದನ್ನೇ ಎಳೆಯೋದು. ಆದ್ರೆ ತಳದಿಂದ ಎತ್ತರ ಹೇಳೋ ಆಲ್ಟಿಮೀಟರ್ ಜೊತೆಗೆ ಫಿಶ್‌ಗೆ ಕಟ್ಟೋ ಯುಎಸ್‌ಬಿಎಲ್ ಬೀಕನ್ (ಫಿಶ್ ಎಲ್ಲಿದೆ ಅಂತ ಶಬ್ದದ ಮೂಲಕ ದೋಣಿಗೆ ತೋರಿಸೋ ಸಾಧನ) ಕೊಡ್ತಾರಾ ಕೇಳಿ. ಕೊಡಲ್ಲ ಅಂದ್ರೆ ಆ ದುಡ್ಡಲ್ಲಿ ಬೀಕನ್ ಒಂದನ್ನೇ ಬಾಡಿಗೆಗೆ ತಂದು ಈಗಿರೋ ಮ್ಯಾಗ್ನೆಟೋಮೀಟರಿಗೇ ಕಟ್ಟಿ.