ಮೀಸಲು ಔಟ್‌ಫೀಲ್ಡರ್‌ನ ಮೌಲ್ಯವನ್ನು ಅಂಕಿಅಂಶಗಳಿಂದ ಅಳೆಯುವುದು ಹೇಗೆ?

ಬೇಸ್‌ಬಾಲ್‌ನ ಮೀಸಲು ಔಟ್‌ಫೀಲ್ಡರ್‌ನನ್ನು (ಮೈದಾನದ ಹೊರಭಾಗ ಕಾಯುವ ಬದಲಿ ಆಟಗಾರನನ್ನು) ಒಂದೇ ವರ್ಷದ ಬ್ಯಾಟಿಂಗ್ ಸರಾಸರಿಯಿಂದ ಅಳೆಯುವುದು ಸರಿಯಲ್ಲ. ನೂರು ಬಾರಿಯಷ್ಟೇ ಬ್ಯಾಟ್ ಹಿಡಿಯುವವನಿಗೆ ಅದೃಷ್ಟದಿಂದ ಐದು ಹಿಟ್ ಹೆಚ್ಚು ಸಿಕ್ಕರೂ ಸರಾಸರಿ .250ರಿಂದ .300ಕ್ಕೆ ಜಿಗಿಯುತ್ತದೆ. ‘ವಾರ್’ ಎಂಬ ಒಟ್ಟು ಮೌಲ್ಯದ ಅಂಕಿಯೂ ಆಡಿದ ಸಮಯದೊಂದಿಗೆ ಬೆಳೆಯುವಂಥದ್ದಾದ್ದರಿಂದ, ಬೆಂಚಿನಲ್ಲಿ ಕೂರುವವನಿಗೆ ಅದು ಸಹಜವಾಗಿಯೇ ಕಡಿಮೆ. ನನ್ನ ದೃಷ್ಟಿಯಲ್ಲಿ, ಹೊರಭಾಗದ ನಡುವಿನ ಸೆಂಟರ್ ಫೀಲ್ಡ್ ಕಾಯಬಲ್ಲ ಸಾಮರ್ಥ್ಯಕ್ಕೂ ಬೇಸ್ ಕದಿಯುವಲ್ಲಿನ (ಹಿಟ್‌ಗೆ ಕಾಯದೆ ಓಡಿ ಮುಂದಿನ ಬೇಸ್ ಸೇರುವಲ್ಲಿನ) ಯಶಸ್ಸಿಗೂ ಹೆಚ್ಚು ತೂಕ ಕೊಡಬೇಕು. 2004ರಲ್ಲಿ ಔಟ್‌ಫೀಲ್ಡರ್ ಡೇವ್ ರಾಬರ್ಟ್ಸ್ 41 ಯತ್ನಗಳಲ್ಲಿ 38 ಬೇಸ್ ಕದ್ದಿದ್ದರು. ಆ ವರ್ಷ ಯಾಂಕೀಸ್ ವಿರುದ್ಧದ ಚಾಂಪಿಯನ್‌ಷಿಪ್ ಸರಣಿಯ ನಾಲ್ಕನೇ ಪಂದ್ಯದಲ್ಲಿ, ಒಂದು ರನ್ ಹಿಂದಿದ್ದ ರೆಡ್ ಸಾಕ್ಸ್ ತಂಡ ಒಂಬತ್ತನೇ ಇನಿಂಗ್ಸ್‌ನಲ್ಲಿ ಅವರನ್ನು ಬದಲಿ ಓಟಗಾರನಾಗಿ ಇಳಿಸಿತು. ಯಾಂಕೀಸ್‌ನ ಪಿಚರ್ (ಚೆಂಡೆಸೆಯುವವರು) ಮರಿಯಾನೋ ರಿವೇರಾ ಮೂರು ಬಾರಿ ಮೊದಲ ಬೇಸಿಗೆ ಎಸೆದು ಹೆದರಿಸಿದರೂ, ಬ್ಯಾಟರ್‌ಗೆ ಹಾಕಿದ ಮೊದಲ ಚೆಂಡಿಗೇ ರಾಬರ್ಟ್ಸ್ ಎರಡನೇ ಬೇಸ್ ಕದ್ದು, ಮುಂದಿನ ಹಿಟ್‌ಗೆ ಸಮಬಲದ ರನ್ ತಂದರು.