ಸ್ಟೀರಿಯೊಗೆ 12 ಸಾವಿರದ ಕೇಬಲ್ ಬೇಕಾ?

ಆಂಪ್ಲಿಫೈಯರ್‌ನಿಂದ ಸ್ಪೀಕರ್‌ಗೆ ಐದು ಮೀಟರ್ ದೂರ ಇದೆ, ಅಂಗಡಿಯವರು 12 ಸಾವಿರದ ಕೇಬಲ್ ಹಾಕಿದರೆ ಸೌಂಡೇ ಬದಲಾಗುತ್ತದೆ ಅಂತಾರೆ, ನಿಜವಾ ಅಂತ ಕೇಳಿದ್ದೀರಿ.

ಅಷ್ಟು ದುಡ್ಡು ದಯವಿಟ್ಟು ಕೊಡಬೇಡಿ. ಹಾಗಂತ ಬಾಕ್ಸ್ ಜೊತೆ ಬಂದ ಆ ದಾರದಂಥ ಸಪೂರ ವೈರನ್ನೂ ಹಾಕಬೇಡಿ.

ಸ್ಪೀಕರ್ ಕೇಬಲ್‌ನಲ್ಲಿ ಮುಖ್ಯವಾದದ್ದು ದಪ್ಪ ಮತ್ತು ಉದ್ದ. ಕರೆಂಟ್ ಹೋಗಿ ವಾಪಸ್ ಬರಬೇಕು, ಹಾಗಾಗಿ ನಿಮ್ಮ ಐದು ಮೀಟರ್ ಅಂದರೆ ಲೆಕ್ಕಕ್ಕೆ ಹತ್ತು ಮೀಟರ್. 0.2 ಸ್ಕ್ವೇರ್ ಎಂಎಂ ತಾಮ್ರದ ವೈರ್ ಆದರೆ ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ವೈರ್ ಒಡ್ಡುವ ತಡೆ, ಸುಮಾರು 0.86 ಓಮ್ ಆಗುತ್ತದೆ, ಅಂದರೆ 8 ಓಮ್ ಸ್ಪೀಕರ್‌ನ ಹತ್ತನೇ ಒಂದು ಪಾಲಿಗಿಂತ ಜಾಸ್ತಿ. ಅದೇ 2.5 ಸ್ಕ್ವೇರ್ ಆದರೆ ಬರೀ 0.07 ಓಮ್. ಸ್ಪೀಕರ್ ಹಿಂದೆ 8 ಅಂತ ಬರೆದಿದ್ದರೂ ಹಾಡಿನ ಎಲ್ಲಾ ಸ್ವರಕ್ಕೂ ಅದು 8 ಆಗಿರುವುದಿಲ್ಲ, ಕೆಲವು ಕಡೆ 5ಕ್ಕೂ ಇಳಿಯುತ್ತದೆ, ಕೆಲವು ಕಡೆ 20 ದಾಟುತ್ತದೆ. ವೈರ್ ಸಪೂರ ಇದ್ದರೆ ಇಳಿದ ಕಡೆ ಸದ್ದು ಸ್ವಲ್ಪ ಕುಗ್ಗುತ್ತದೆ, ಏರಿದ ಕಡೆ ಅಷ್ಟಾಗಿ ಕುಗ್ಗುವುದಿಲ್ಲ. ಕೇಬಲ್‌ನಿಂದ ಸೌಂಡ್ ಬದಲಾಗುವುದು ಹೀಗೆ. ಒಮ್ಮೆ ಸಾಕಷ್ಟು ದಪ್ಪ ಆಯಿತು ಅಂದರೆ ಅದರ ಮೇಲೆ ಬೆಳ್ಳಿ ಲೇಪ, ಬಟ್ಟೆ ಹೊದಿಕೆ ಅಂತ ಎಷ್ಟು ಸುರಿದರೂ ಕಿವಿಗೆ ಗೊತ್ತಾಗುವಂಥದ್ದು ಏನೂ ಉಳಿದಿರುವುದಿಲ್ಲ.

ಎಲೆಕ್ಟ್ರಿಷಿಯನ್‌ಗಳು ಪ್ಲಗ್ ಪಾಯಿಂಟ್‌ಗೆ ಎಳೆಯುವ ಎರಡೂವರೆ ಸ್ಕ್ವೇರ್ ವೈರ್ ಇದೆಯಲ್ಲ, ಅದೇ ದಪ್ಪ ನಿಮಗೂ ಸಾಕು. ಮೀಟರ್ ಲೆಕ್ಕದಲ್ಲಿ ಸಿಗುವ ಜೋಡಿ ಎಳೆಯ ಸ್ಪೀಕರ್ ವೈರ್ ತಗೊಳ್ಳಿ. ಆದರೆ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ಕೆಂಪಗಿದ್ದರೆ ತಾಮ್ರ. ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಎಷ್ಟೋ ಕೇಬಲ್ ಇಂಥವೇ. ಅದರ ರೆಸಿಸ್ಟೆನ್ಸ್ ತಾಮ್ರಕ್ಕಿಂತ ಒಂದೂವರೆ ಪಟ್ಟು ಅಂತ ಇಟ್ಟುಕೊಳ್ಳಿ.

ಜೋಡಿಸುವಾಗ ಆತುರ ಬೇಡ. ತುದಿಯನ್ನು ಚೆನ್ನಾಗಿ ಹುರಿ ಮಾಡಿ ಸಿಕ್ಕಿಸಿ, ಒಂದೇ ಒಂದು ಎಳೆ ಹೊರಗೆ ಬಂದು ಪಕ್ಕದ ಟರ್ಮಿನಲ್‌ಗೆ ತಾಗಿದರೂ ಆಂಪ್ಲಿಫೈಯರ್ ಶಾರ್ಟ್ ಆಗುತ್ತದೆ. ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್. ಒಂದು ಸ್ಪೀಕರ್‌ನಲ್ಲಿ ಮಾತ್ರ ಅದಲುಬದಲಾದರೆ ಬೇಸ್ ಮಾಯವಾಗುತ್ತದೆ, ಹಾಡುವವರ ದನಿ ನಡುವೆ ನಿಲ್ಲದೆ ಎಲ್ಲೋ ಚದುರಿ ಹೋಗುತ್ತದೆ. ಸಿಸ್ಟಮ್ಮೇ ಸರಿ ಇಲ್ಲ ಅಂತ ಸುಮ್ನೆ ಬೇಜಾರು ಮಾಡಿಕೊಳ್ಳುವ ಮೊದಲು ಇದನ್ನು ನೋಡಿ.

ಎಲ್‌ಪಿ ರೆಕಾರ್ಡ್ ಹಾಕುವ ಟರ್ನ್‌ಟೇಬಲ್ ಇದ್ದರೆ ಮಾತು ಸ್ವಲ್ಪ ಬೇರೆ. ಸಿಡಿ ಪ್ಲೇಯರ್ 2 ವೋಲ್ಟ್‌ವರೆಗೂ ಸಿಗ್ನಲ್ ಕೊಡುತ್ತದೆ, ಆದರೆ ಟರ್ನ್‌ಟೇಬಲ್‌ನ ಮುಳ್ಳು ಕೂತಿರುವ ಕಾರ್ಟ್ರಿಜ್ ಮೂವಿಂಗ್ ಮ್ಯಾಗ್ನೆಟ್ ಬಗೆಯದ್ದಾದರೆ ಕೊಡುವುದು ಕೆಲವೇ ಮಿಲಿವೋಲ್ಟ್. ಅಲ್ಲಿ ಟರ್ನ್‌ಟೇಬಲ್‌ನಿಂದ ಆಂಪ್ಲಿಫೈಯರ್‌ಗೆ ಹೋಗುವ ಆರ್‌ಸಿಎ ಕೇಬಲ್‌ಗೆ ಒಳ್ಳೆಯ ಶೀಲ್ಡ್, ಅಂದರೆ ಒಳಗಿನ ತಂತಿಯ ಸುತ್ತ ಲೋಹದ ಹೊದಿಕೆ, ಬೇಕೇ ಬೇಕು, ಇಲ್ಲದಿದ್ದರೆ 50 ಹರ್ಟ್ಸ್‌ನ ಗುಂಯ್ ಸದ್ದು ಸೇರಿಕೊಳ್ಳುತ್ತದೆ. ಟರ್ನ್‌ಟೇಬಲ್‌ನ ಗ್ರೌಂಡ್ ವೈರನ್ನೂ ಮರೆಯದೆ ಹಾಕಿ. ಕೇಬಲ್ ಚಿಕ್ಕದಿರಲಿ, ಒಂದು ಮೀಟರ್ ಸುತ್ತಮುತ್ತ, ಯಾಕಂದರೆ ಉದ್ದ ಆದಷ್ಟೂ ಕೇಬಲ್‌ನ ಕೆಪಾಸಿಟೆನ್ಸ್ (ಚಾರ್ಜ್ ಹಿಡಿದಿಡುವ ಗುಣ) ಹೆಚ್ಚಾಗಿ ಟ್ರೆಬಲ್, ಅಂದರೆ ಕೀರಲು ಸ್ವರಗಳು, ಕೆಡುತ್ತದೆ.

ಉಳಿದ ದುಡ್ಡಲ್ಲಿ ಸ್ಪೀಕರ್‌ಗೆ ಗಟ್ಟಿ ಸ್ಟ್ಯಾಂಡ್ ತಗೊಳ್ಳಿ, ಕೀರಲು ಸ್ವರ ಕೊಡುವ ಚಿಕ್ಕ ಟ್ವೀಟರ್ ಕಿವಿಯ ಎತ್ತರಕ್ಕೆ ಬರುವಂಥದ್ದು. ಮೂಲೆಯಿಂದ ಸ್ವಲ್ಪ ಈಚೆಗೆ ತಂದು ಕೇಳಿ, ಬೇಸ್ ಎಷ್ಟು ಬದಲಾಗುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ.