ರಾಜಪಾಳಯಂ ಮರಿಯನ್ನು ಕಾವಲಿಗೆ ತರುವ ಮುನ್ನ

ತೋಟದ ಮನೆಯ ಕಾವಲಿಗೆ ರಾಜಪಾಳಯಂ ಮರಿಯೊಂದನ್ನು ತರಬೇಕೆಂದಿದ್ದೀರಿ. ಈ ತಳಿಯ ಮೂಲವೇನು, ಸ್ವಭಾವ ಎಂಥದ್ದು, ಆರೈಕೆ ಕಷ್ಟವೇ, ಅಚ್ಚ ಬಿಳಿಯ ಮರಿಯನ್ನೇ ಆರಿಸಬೇಕೇ ಎಂದು ಕೇಳಿದ್ದೀರಿ. ಈ ತಳಿಯ ಎರಡು ನಾಯಿಗಳನ್ನು ಮರಿಯಿಂದಲೇ ಸಾಕಿದ ಅನುಭವದಿಂದ ಉತ್ತರಿಸುತ್ತಿದ್ದೇನೆ. ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಮರಿ ಕೊಳ್ಳುವ ದಿನ ಅದೊಂದರಲ್ಲಿ ಎಡವಿದರೆ ಮುಂದೆ ಸರಿಪಡಿಸಲು ಬರುವುದಿಲ್ಲ.

ರಾಜಪಾಳಯಂ ಎಂದೊಡನೆ ಹಾಲಿನಂಥ ಮೈ, ಗುಲಾಬಿ ಮೂಗು, ಹೊಂಬಣ್ಣದ ಕಣ್ಣು ನೆನಪಾಗುತ್ತವೆ. ಸಾಕುವವರು ಬಹುಕಾಲದಿಂದ ಬಯಸಿದ್ದೂ ಇದನ್ನೇ. ಕಂದು ಬಣ್ಣದ ಅಥವಾ ಮಚ್ಚೆಯ ಮರಿಗಳೂ ಈ ತಳಿಯಲ್ಲಿ ಹುಟ್ಟುತ್ತವೆ. ಹಿಂದೆ ಅಂಥವನ್ನು ಎಳವೆಯಲ್ಲೇ ಕೊಂದುಬಿಡುವ ರೂಢಿಯಿತ್ತು. ಹೀಗೆ ಬಿಳಿಯನ್ನಷ್ಟೇ ಆಯ್ದು ಬೆಳೆಸಿದ್ದಕ್ಕೆ ಬೆಲೆ ತೆತ್ತದ್ದು ನಾಯಿಗಳ ಕಿವಿ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ಒಳಗಿವಿಯಲ್ಲೂ ಇದ್ದು, ಶಬ್ದವನ್ನು ಗ್ರಹಿಸುವ ಸೂಕ್ಷ್ಮ ಕೋಶಗಳು ಬದುಕಿರುವಂತೆ ನೋಡಿಕೊಳ್ಳುತ್ತವೆ. ಅವು ಇಲ್ಲದ ಮರಿಯಲ್ಲಿ ಹುಟ್ಟಿದ ಕೆಲವೇ ವಾರಗಳೊಳಗೆ ಆ ಸೂಕ್ಷ್ಮ ಕೋಶಗಳು ಸತ್ತುಹೋಗುತ್ತವೆ, ಮತ್ತೆ ಬೆಳೆಯುವುದಿಲ್ಲ. ನೀಲಿ ಕಣ್ಣಿನ ಬಿಳಿ ಮರಿಯಾದರೆ ಈ ಅನುಮಾನ ಇನ್ನಷ್ಟು ಹೆಚ್ಚು.

ನನ್ನ ಮೊದಲ ನಾಯಿ ಹಾಗೆ ಕಿವುಡಾಗಿತ್ತು. ಮಾರಿದವರು ಅದನ್ನು ಬಲು ಶಾಂತ ಸ್ವಭಾವದ ಮರಿ ಎಂದಿದ್ದರು, ನಾವೂ ನಂಬಿದ್ದೆವು. ಮನೆಗೆ ಬಂದ ಮೂರನೆಯ ದಿನ ಅದು ಅಡುಗೆಮನೆಯ ಬಾಗಿಲಲ್ಲಿ ಮಲಗಿದ್ದಾಗ ಕುಕ್ಕರ್ ನಾಲ್ಕು ಬಾರಿ ಕೂಗಿತು. ಮರಿಯ ಕಿವಿಯ ತುದಿಯೂ ಅಲುಗಲಿಲ್ಲ. ಅಮ್ಮ ನೆಲದ ಮೇಲೆ ಹೆಜ್ಜೆ ಊರಿದ ಕೂಡಲೇ ಬೆಚ್ಚಿ ಎದ್ದಿತು. ಅಂದಿನಿಂದ ಅದನ್ನು ಮುಟ್ಟುವ ಮುನ್ನ ನೆಲವನ್ನು ಒಮ್ಮೆ ತುಳಿಯುವುದು, ಕೂರಲು ಅಂಗೈ ತೋರಿಸುವುದು, ಕತ್ತಲಲ್ಲಿ ಕರೆಯಲು ಟಾರ್ಚ್ ಮಿನುಗಿಸುವುದು ಮನೆಯವರಿಗೆಲ್ಲ ಅಭ್ಯಾಸವಾಯಿತು. ಅದು ಹತ್ತು ವರ್ಷ ನಮ್ಮೊಂದಿಗೆ ಪ್ರೀತಿಯಿಂದ ಬಾಳಿತು. ಆದರೆ ಬೆನ್ನ ಹಿಂದೆ ಗೇಟು ತೆರೆದದ್ದು ತಿಳಿಯದ ನಾಯಿಯ ಮೇಲೆ ಕಾವಲಿನ ಹೊಣೆ ಹೊರಿಸುವುದು ಅದಕ್ಕೆ ಮಾಡುವ ಅನ್ಯಾಯವೆಂದು ನಾವು ಅದನ್ನು ರಾತ್ರಿ ಒಳಗೇ ಮಲಗಿಸುತ್ತಿದ್ದೆವು.

ಆದ್ದರಿಂದ ಮರಿಗೆ ಏಳೆಂಟು ವಾರ ತುಂಬಿದ ಮೇಲೆಯೇ ನೋಡಲು ಹೋಗಿ, ಅದನ್ನು ಒಡಹುಟ್ಟಿದವುಗಳಿಂದ ಬೇರೆ ಮಾಡಿ ಪರೀಕ್ಷಿಸಿ. ಕಿವುಡು ಮರಿ ಉಳಿದವನ್ನು ನೋಡಿ ತಾನೂ ತಿರುಗುವುದರಿಂದ ಗುಂಪಿನಲ್ಲಿ ನಮ್ಮನ್ನು ಸುಲಭವಾಗಿ ಏಮಾರಿಸುತ್ತದೆ. ಅದರ ಕಣ್ಣಿಗೆ ಬೀಳದಂತೆ, ಗಾಳಿಯೋ ನೆಲದ ಅದುರುವಿಕೆಯೋ ತಾಗದಷ್ಟು ದೂರ ನಿಂತು ಬೀಗದ ಕೈಗೊಂಚಲನ್ನು ಅಲುಗಿಸಿ. ಒಂದೇ ಕಿವಿ ಕೇಳುವ ಮರಿ ಈ ಪರೀಕ್ಷೆಯಲ್ಲಿ ಗೆದ್ದುಬಿಡಬಹುದು. ಅದನ್ನು ಖಚಿತವಾಗಿ ತಿಳಿಯಲು ಶಬ್ದಕ್ಕೆ ಮಿದುಳು ತೋರುವ ಪ್ರತಿಕ್ರಿಯೆಯನ್ನು ಅಳೆಯುವ ಬೇಯರ್ ಪರೀಕ್ಷೆಯೇ ಬೇಕು, ಆ ಸೌಲಭ್ಯ ಸಿಗುವುದು ವಿರಳ. ತಂದೆ ತಾಯಿ ನಾಯಿಗಳೆರಡನ್ನೂ ಕರೆಸಿ ನೋಡಿ. ಮೈಮೇಲೆ ಕಂದು ಮಚ್ಚೆಯಿದೆ ಎಂಬ ಒಂದೇ ಕಾರಣಕ್ಕೆ ಚುರುಕಾದ ಮರಿಯನ್ನು ಬಿಟ್ಟು ಬರಬೇಡಿ.

ಇನ್ನು ಮೂಲದ ವಿಷಯ. ತಮಿಳುನಾಡಿನ ವಿರುದುನಗರ ಜಿಲ್ಲೆಯಲ್ಲಿ, ಪಶ್ಚಿಮಘಟ್ಟದ ಪೂರ್ವದ ತಪ್ಪಲಲ್ಲಿರುವ ರಾಜಪಾಳಯಂ ಪಟ್ಟಣದಿಂದ ಈ ಹೆಸರು ಬಂದಿದೆ. ಆಂಧ್ರದ ಕಡೆಯಿಂದ ವಲಸೆ ಬಂದು ಅಲ್ಲಿ ನೆಲೆಸಿದ ರಾಜು ಸಮುದಾಯದವರೊಂದಿಗೂ, ಆ ಸೀಮೆಯನ್ನು ಆಳಿದ ಪಾಳೆಯಗಾರರೊಂದಿಗೂ ಈ ನಾಯಿಯ ಹೆಸರು ಬೆಸೆದುಕೊಂಡಿದೆ. ಪಾಳೆಯಗಾರರ ನಾಯಿ ಎಂದೇ ಇದಕ್ಕೆ ಇನ್ನೊಂದು ಹೆಸರು. ಬೆಟ್ಟದ ಅಂಚಿನಲ್ಲಿ ಕಾಡುಹಂದಿ ಬೇಟೆಗೂ ಹೊಲ ಮನೆಗಳ ಕಾವಲಿಗೂ ಇದನ್ನು ಬಳಸುತ್ತಿದ್ದರು. 18ನೆಯ ಶತಮಾನದ ಕೊನೆಯ ಪಾಳೆಯಗಾರರ ಯುದ್ಧಗಳಲ್ಲಿ ಬ್ರಿಟಿಷರ ಕುದುರೆಗಳ ಮೇಲೆ ಈ ನಾಯಿಗಳನ್ನು ಛೂಬಿಟ್ಟಿದ್ದರೆಂಬ ಕಥೆಯನ್ನು ಅಲ್ಲಿನವರು ಹೆಮ್ಮೆಯಿಂದ ಹೇಳುತ್ತಾರೆ. 2005ರ ಜನವರಿಯಲ್ಲಿ ಅಂಚೆ ಇಲಾಖೆ ಹೊರತಂದ ಭಾರತೀಯ ನಾಯಿ ತಳಿಗಳ ನಾಲ್ಕು ಅಂಚೆಚೀಟಿಗಳಲ್ಲಿ ನಮ್ಮ ಮುಧೋಳದ ಜೊತೆಗೆ ರಾಜಪಾಳಯಂ ಕೂಡ ಇತ್ತು. ಚೆನ್ನೈನ ಸೈದಾಪೇಟೆಯಲ್ಲಿ ತಮಿಳುನಾಡು ಸರ್ಕಾರವೇ ಹಿಂದೆ ಈ ತಳಿಯನ್ನು ಬೆಳೆಸುವ ಕೇಂದ್ರವನ್ನು ನಡೆಸುತ್ತಿತ್ತು. ಬೇಡಿಕೆ ಏರಿದಾಗಲೆಲ್ಲ ಯಾವುದೋ ಬಿಳಿ ನಾಯಿಯ ಮರಿಯನ್ನು ರಾಜಪಾಳಯಂ ಎಂದು ಮಾರುವವರು ಹುಟ್ಟಿಕೊಳ್ಳುವುದರಿಂದ, ಕೆನಲ್ ಕ್ಲಬ್ ಆಫ್ ಇಂಡಿಯಾದ ನೋಂದಣಿ ಪತ್ರವನ್ನು ಕೇಳಿ ಪಡೆಯಿರಿ.

ಬೆಳೆದ ನಾಯಿ ಭುಜದ ಬಳಿ ಸುಮಾರು 65ರಿಂದ 75 ಸೆಂಟಿಮೀಟರ್ ಎತ್ತರವಿರುತ್ತದೆ. ಆಳವಾದ ಎದೆ, ಒಳಸೇರಿದ ಹೊಟ್ಟೆ, ಉದ್ದ ಕಾಲು. ಮುಧೋಳಕ್ಕಿಂತ ಮೂಳೆ ದಪ್ಪ, ಮೈಕಟ್ಟು ಭಾರ. ಮನೆಯವರನ್ನು, ಅವರಲ್ಲೂ ಯಾರಾದರೂ ಒಬ್ಬರನ್ನು, ಬಹಳವಾಗಿ ಹಚ್ಚಿಕೊಳ್ಳುತ್ತದೆ. ಅಪರಿಚಿತರು ಎಷ್ಟು ಪುಸಲಾಯಿಸಿದರೂ ಹತ್ತಿರ ಹೋಗುವುದಿಲ್ಲ. ನನ್ನ ಎರಡನೆಯ ನಾಯಿ ಸುಮ್ಮಸುಮ್ಮನೆ ಬೊಗಳುವುದಲ್ಲ. ರಾತ್ರಿ ಗೇಟಿನ ಬಳಿ ಸದ್ದಾದರೆ ಮೊದಲು ಎದ್ದು ನಿಂತು ಕಿವಿ ನಿಮಿರಿಸಿ, ಬಾಲವನ್ನು ತುಸು ಮೇಲೆತ್ತಿ, ಬಂದವರು ಯಾರೆಂದು ತೂಗಿ ನೋಡುತ್ತದೆ. ಪರಿಚಿತ ಹೆಜ್ಜೆಯಾದರೆ ಮತ್ತೆ ಮಲಗುತ್ತದೆ, ಅಲ್ಲವಾದರೆ ಎದೆಯಾಳದಿಂದ ಒಂದು ಗುರುಗುಟ್ಟುವಿಕೆ ಕೇಳಿಸುತ್ತದೆ. ಇಂಥ ವಿವೇಚನೆ ಬೆಳೆಯಬೇಕಾದರೆ ಮೊದಲ ನಾಲ್ಕು ತಿಂಗಳಲ್ಲಿ ಅದು ಬೇರೆ ಬೇರೆ ವಯಸ್ಸಿನ ಜನರನ್ನು, ವಾಹನಗಳನ್ನು, ದನಕರುಗಳನ್ನು ಭಯವಿಲ್ಲದೆ ನೋಡಿರಬೇಕು. ಕಾವಲು ನಾಯಿ ಎಂದು ಹಗಲೆಲ್ಲ ಸರಪಳಿಯಲ್ಲಿ ಕಟ್ಟಿ ಹಾಕುವುದು ಇದನ್ನು ಕೆಡಿಸುವ ಅತ್ಯಂತ ಖಚಿತ ದಾರಿ. ಕಟ್ಟಿ ಬೆಳೆಸಿದ ನಾಯಿಗೆ ಕಳ್ಳನೂ ಒಂದೇ, ಪಕ್ಕದ ಮನೆಯ ಮಗುವೂ ಒಂದೇ. ಓಡುವ ಪ್ರಾಣಿಯನ್ನು ಅಟ್ಟುವ ಬೇಟೆಯ ಬುದ್ಧಿ ರಕ್ತದಲ್ಲೇ ಇರುವುದರಿಂದ ಕೋಳಿ, ಬೆಕ್ಕುಗಳಿಗೆ ಮರಿಯಿಂದಲೇ ಒಗ್ಗಿಸಿ, ತೋಟಕ್ಕೆ ಎತ್ತರದ ಗಟ್ಟಿ ಬೇಲಿ ಹಾಕಿಸಿ.

ಆರೈಕೆ ದುಬಾರಿಯಲ್ಲ, ಆದರೆ ದಿನವೂ ಗಮನ ಬೇಡುತ್ತದೆ. ಗಿಡ್ಡ ಕೂದಲನ್ನು ವಾರಕ್ಕೊಮ್ಮೆ ಉಜ್ಜಿದರೆ ಸಾಕು. ಅದರಡಿಯ ಗುಲಾಬಿ ಚರ್ಮ ಮಾತ್ರ ಬಹಳ ಸೂಕ್ಷ್ಮ. ಮಧ್ಯಾಹ್ನದ ಬಿಸಿಲಿಗೆ ಮೂಗು ಮತ್ತು ಕಿವಿಯ ಅಂಚು ಕೆಂಪೇರಿ ಸುಲಿಯುತ್ತವೆ, ಹಾಗಾಗಿ ನೆರಳಿನ ಜಾಗ ಕಡ್ಡಾಯ. ಕಜ್ಜಿ, ಕೂದಲುದುರುವಿಕೆ ಕಂಡರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರಿಗೆ ತೋರಿಸಿ. ಉಣ್ಣೆಗಳನ್ನು ಕಿವಿಯೊಳಗೆ, ಬೆರಳುಗಳ ಸಂದಿಯಲ್ಲಿ ದಿನವೂ ಹುಡುಕಿ ತೆಗೆಯಿರಿ. ಉಣ್ಣೆಯಿಂದ ಬರುವ ಜ್ವರ ಪ್ರಾಣಕ್ಕೇ ಕುತ್ತು ತರಬಲ್ಲದು. ರಾಗಿ ಅಂಬಲಿ ಅಥವಾ ಅನ್ನವೊಂದರಿಂದಲೇ ಈ ಮೈಕಟ್ಟು ಬೆಳೆಯುವುದಿಲ್ಲ, ಮೊಟ್ಟೆ ಮತ್ತು ಮಾಂಸ ಸೇರಲಿ. ಎದೆ ಆಳವಾದ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿರುವುದರಿಂದ ಊಟವನ್ನು ಎರಡು ಹೊತ್ತಿಗೆ ಹಂಚಿ, ಉಂಡ ಮೇಲೆ ಒಂದು ಗಂಟೆಯಾದರೂ ಓಡಿಸಬೇಡಿ. ಪಾರ್ವೊ ಮತ್ತು ಡಿಸ್ಟೆಂಪರ್ ಲಸಿಕೆಗಳು ಆರೆಂಟು ವಾರಕ್ಕೇ ಆರಂಭವಾಗಬೇಕು, ರೇಬೀಸ್ ಲಸಿಕೆ ಮೂರು ತಿಂಗಳಿಗೆ.

ಇಷ್ಟು ಓದಿಯೂ ನಿಮಗೆ ಈ ನಾಯಿಯೇ ಬೇಕೆನಿಸಿದರೆ ಖಂಡಿತ ತನ್ನಿ. ಒಂದು ವೇಳೆ ಮನೆಗೆ ತಂದ ಮೇಲೆ ಮರಿ ಕಿವುಡೆಂದು ತಿಳಿದರೆ ಅದನ್ನು ಬೀದಿಗೆ ಬಿಡಬೇಡಿ, ಅದರಿಂದ ಮರಿ ಮಾಡಿಸಲೂ ಬೇಡಿ. ಸಂತಾನಹರಣ ಚಿಕಿತ್ಸೆ ಮಾಡಿಸಿ, ಬೇಲಿಯ ಒಳಗೇ ಉಳಿಸಿಕೊಳ್ಳಿ. ಕೈಸನ್ನೆ ಕಲಿಸುವುದು ಹೇಗೆಂದು ಕೇಳಿದರೆ ನನಗೆ ತಿಳಿದಷ್ಟನ್ನೂ ಬರೆದು ತಿಳಿಸುತ್ತೇನೆ.